ಎಂಎಸ್‌ಡಬ್ಲ್ಯೂ ಓದೋಕೆ ಸಾಲ ಮಾಡ್ಬೇಕಾ? ಸಂಬಳದಿಂದ ಹಿಂದಕ್ಕೆ ಲೆಕ್ಕ ಹಾಕೋಣ

ಈ ವಾರದ ಪ್ರಶ್ನೆ ಶಿರಸಿ ತಾಲೂಕಿನ ವಾನಳ್ಳಿ ಕಡೆಯಿಂದ. ಬಿ.ಎ. ಮುಗಿಸಿದ ಹುಡುಗಿಯೊಬ್ಬಳು ವಾಯ್ಸ್ ಮೆಸೇಜ್ ಕಳಿಸಿದ್ದಾಳೆ. ಎಂಎಸ್‌ಡಬ್ಲ್ಯೂ, ಅಂದ್ರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಮಾಡ್ಬೇಕು ಅಂತ ಆಸೆ. "ಅಣ್ಣಾ, 3 ಲಕ್ಷ ಸಾಲ ಮಾಡಿದ್ರೆ ತೀರಿಸೋಕೆ ಆಗ್ತದಾ? ಅಪ್ಪಯ್ಯ ಸಹಿ ಹಾಕ್ತೇನೆ ಅಂತಾರೆ, ನಂಗೇ ಹೆದರಿಕೆ."

ಈ ಕೆಲಸ ಒಳ್ಳೇದಾ ಅಂತ ಅವಳು ಕೇಳಲಿಲ್ಲ. ಅದು ಅವಳಿಗೆ ಗೊತ್ತು. ಕೇಳಿದ್ದು ದುಡ್ಡಿನ ಬಗ್ಗೆ, ಹಾಗಾಗಿ ನಾನೂ ದುಡ್ಡಿನ ಮಾತೇ ಆಡ್ತೀನಿ.

ಸಾಮಾನ್ಯವಾಗಿ ನಾವು ಮೊದಲು ಶುಲ್ಕ ನೋಡ್ತೀವಿ, ಆಮೇಲೆ ಸಾಲ, ಕೊನೆಗೆ ಸಂಬಳ. ಇದನ್ನ ಉಲ್ಟಾ ಮಾಡೋಣ.

ಮೊದಲ ಸಂಬಳ ಎಷ್ಟು?

ಎಲ್ಲರಿಗೂ ತೆರೆದಿರೋ ಒಂದು ಲೆಕ್ಕ ಇದೆ. ಮಕ್ಕಳ ರಕ್ಷಣೆಗಾಗಿ ಇರೋ ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರತಿ ಜಿಲ್ಲೆಗೂ ಒಂದು ಮಕ್ಕಳ ರಕ್ಷಣಾ ಘಟಕ ಇರ್ತದೆ. 2022ರ ಮಾರ್ಗಸೂಚಿಯಲ್ಲಿ ಸಮಾಜ ಕಾರ್ಯಕರ್ತರ ಹುದ್ದೆಗೆ ತಿಂಗಳಿಗೆ 18,536 ರೂಪಾಯಿ, ರಕ್ಷಣಾಧಿಕಾರಿಗೆ 27,804 ರೂಪಾಯಿ, ಹಳ್ಳಿಹಳ್ಳಿ ಸುತ್ತೋ ಔಟ್‌ರೀಚ್ ವರ್ಕರ್‌ಗೆ 10,592 ರೂಪಾಯಿ. ಇವೆಲ್ಲ ಗುತ್ತಿಗೆ ಹುದ್ದೆಗಳು. ನಾವು 18,536ನ್ನೇ ಅಳತೆಗೋಲು ಮಾಡ್ಕೊಳ್ಳೋಣ.

3 ಲಕ್ಷ ಸಾಲ, 3 ಲಕ್ಷವಾಗಿ ಉಳಿಯೋದಿಲ್ಲ

ಶಿಕ್ಷಣ ಸಾಲದಲ್ಲಿ ಕೋರ್ಸ್ ಮುಗಿಯೋವರೆಗೆ, ಆಮೇಲೆ ಇನ್ನೊಂದು ವರ್ಷ ಕಂತು ಕಟ್ಟೋದು ಬೇಡ. ಕಂತು ಇಲ್ಲ ಅಂದ್ರೆ ಬಡ್ಡಿ ಇಲ್ಲ ಅಂತಲ್ಲ. ಈ ಅವಧಿಯಲ್ಲಿ ಸರಳ ಬಡ್ಡಿ ಓಡ್ತಾನೇ ಇರ್ತದೆ.

ಬಡ್ಡಿ ಶೇ. 10 ಅಂತ ಹಿಡಿಯಿರಿ. ಮೊದಲ ವರ್ಷದ ಆರಂಭದಲ್ಲಿ ಒಂದೂವರೆ ಲಕ್ಷ, ಎರಡನೇ ವರ್ಷದ ಆರಂಭದಲ್ಲಿ ಒಂದೂವರೆ ಲಕ್ಷ ತಗೊಂಡ್ರಿ. ಮೊದಲನೇದಕ್ಕೆ 3 ವರ್ಷದ ಬಡ್ಡಿ 45,000, ಎರಡನೇದಕ್ಕೆ 2 ವರ್ಷದ ಬಡ್ಡಿ 30,000. ಕಂತು ಶುರುವಾಗೋ ದಿನ ನಿಮ್ಮ ಸಾಲ 3.75 ಲಕ್ಷ.

ಇದನ್ನ 7 ವರ್ಷದಲ್ಲಿ ತೀರಿಸೋದಾದ್ರೆ ಇಎಂಐ ಸುಮಾರು 6,225 ರೂಪಾಯಿ. ಅಂದ್ರೆ 18,536ರ ಸಂಬಳದಲ್ಲಿ ಮೂರನೇ ಒಂದು ಪಾಲು ಹೋಯ್ತು. ಉಳಿದ 12,300ರಲ್ಲಿ ರೂಮ್ ಬಾಡಿಗೆ, ಊಟ, ಬಸ್ಸು, ಮನೆಗೆ ಸ್ವಲ್ಪ. ಅವಧಿ 10 ವರ್ಷಕ್ಕೆ ಎಳೆದ್ರೆ ಕಂತು 4,955ಕ್ಕೆ ಇಳೀತದೆ, ಆದ್ರೆ ಒಟ್ಟು ಕಟ್ಟೋದು ಸುಮಾರು 5.95 ಲಕ್ಷ.

ಈಗ ಸಾಲವನ್ನ 1 ಲಕ್ಷಕ್ಕೆ ಇಳಿಸಿ. ಅದೇ ಬಡ್ಡಿ, ಅದೇ ರೀತಿ ಎರಡು ಸಮ ಕಂತಿನಲ್ಲಿ ತಗೊಂಡ್ರೆ ಅದು 1.25 ಲಕ್ಷ ಆಗ್ತದೆ. 5 ವರ್ಷಕ್ಕೆ ಇಎಂಐ ಸುಮಾರು 2,655. ಇದು ಸಂಬಳದ ಏಳನೇ ಒಂದು ಪಾಲು. ಉಸಿರಾಡಬಹುದು.

ನನ್ನ ಅಳತೆ ಇಷ್ಟೇ: ಮೊದಲ ಸಂಬಳದ ಆರನೇ ಒಂದು ಪಾಲಿಗಿಂತ ಕಂತು ಮೇಲೆ ಹೋಗ್ಬಾರ್ದು.

ಸಾಲ ಕಡಿಮೆ ಮಾಡೋದು ಹೇಗೆ?

ಒಂದು, ಕಾಲೇಜಿನ ಆಯ್ಕೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗ ಇದೆ. ಮೊದಲು ಸರ್ಕಾರಿ ಸೀಟಿಗೆ ಪ್ರಯತ್ನ ಮಾಡಿ, ಖಾಸಗಿ ಕಾಲೇಜು ಆಮೇಲೆ.

ಎರಡು, ವಿದ್ಯಾರ್ಥಿವೇತನ. ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕ್ದೇ ಬ್ಯಾಂಕಿಗೆ ಹೋಗ್ಬೇಡಿ. ಯಲ್ಲಾಪುರ ಕಡೆಯ ಸಿದ್ದಿ ಸ್ನೇಹಿತರಿಗೆ ವಿಶೇಷವಾಗಿ ಹೇಳ್ತೀನಿ: ಉತ್ತರ ಕನ್ನಡದ ಸಿದ್ದಿ ಸಮುದಾಯ 2003ರಿಂದ ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿದೆ. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷದೊಳಗಿದ್ರೆ ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು.

ಮೂರು, ಬಡ್ಡಿ ಸಹಾಯ. ನವೆಂಬರ್ 2024ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ, ಆದಾಯ 8 ಲಕ್ಷದೊಳಗಿರೋ ಕುಟುಂಬದವರಿಗೆ 10 ಲಕ್ಷದವರೆಗಿನ ಸಾಲಕ್ಕೆ ಕಂತಿಲ್ಲದ ಅವಧಿಯಲ್ಲಿ ಶೇ. 3 ಬಡ್ಡಿ ಸಹಾಯ ಇದೆ. ಆದ್ರೆ ಆಯ್ದ ಸಂಸ್ಥೆಗಳಿಗೆ ಮಾತ್ರ, ಮ್ಯಾನೇಜ್‌ಮೆಂಟ್ ಕೋಟಾಕ್ಕೆ ಇಲ್ಲ. ಸೀಟು ತಗೊಳ್ಳೋ ಮೊದಲೇ ನಿಮ್ಮ ಕಾಲೇಜು ಪಟ್ಟಿಯಲ್ಲಿದೆಯಾ ನೋಡಿ.

ನಾಲ್ಕು, ಓದೋವಾಗಲೇ ಬಡ್ಡಿ ಕಟ್ಟೋದು. ಒಂದೂವರೆ ಲಕ್ಷಕ್ಕೆ ಶೇ. 10 ಅಂದ್ರೆ ತಿಂಗಳಿಗೆ 1,250 ರೂಪಾಯಿ. ಅಡಿಕೆ ಮಾರಿದಾಗ ಮನೆಯಲ್ಲಿ ಅಷ್ಟು ತೆಗೆದಿಡೋಕೆ ಆದ್ರೆ ಅಸಲು ಬೆಳೆಯೋದಿಲ್ಲ. ಕೊಳೆ ರೋಗ ಬಂದ ವರ್ಷ ಇದು ಕಷ್ಟ, ಅದೂ ಲೆಕ್ಕದಲ್ಲಿರಲಿ.

ಆದಾಯ ತೆರಿಗೆಯ 80ಇ ವಿನಾಯಿತಿ ಬಗ್ಗೆ ಬ್ಯಾಂಕಿನವರು ಹೇಳಬಹುದು. 18 ಸಾವಿರ ಸಂಬಳಕ್ಕೆ ತೆರಿಗೆಯೇ ಬರೋದಿಲ್ಲ, ಹಾಗಾಗಿ ಅದರಿಂದ ನಿಮಗೆ ಲಾಭ ಇಲ್ಲ.

ಸಂಬಳ ಏರೋ ದಾರಿ ಇಲ್ವಾ?

ಇದೆ, ವಿಷಯ ನೋಡಿ ಆರಿಸ್ಕೋಬೇಕು. 1948ರ ಕಾರ್ಖಾನೆ ಕಾಯ್ದೆ 500ಕ್ಕಿಂತ ಕಡಿಮೆಯಿಲ್ಲದಷ್ಟು ಕಾರ್ಮಿಕರಿರೋ ಕಡೆ ಕಲ್ಯಾಣಾಧಿಕಾರಿ ಕಡ್ಡಾಯ ಅಂತ ಹೇಳಿತ್ತು; 2020ರ ಹೊಸ ಸಂಹಿತೆ ಆ ಸಂಖ್ಯೆಯನ್ನ 250ಕ್ಕೆ ಇಳಿಸಿದೆ. ಎಚ್‌ಆರ್ ವಿಷಯ ತಗೊಂಡವರಿಗೆ ಇದು ಬಾಗಿಲು. ಆದ್ರೆ ಇಂಥ ಕಾರ್ಖಾನೆಗಳು ಹೆಚ್ಚಾಗಿ ಘಟ್ಟದ ಊರಿಂದ ದೂರ. ಮಾನಸಿಕ ಆರೋಗ್ಯದ ಕಡೆ ಹೋಗೋದಾದ್ರೆ, 2017ರ ಕಾಯ್ದೆ ಪ್ರಕಾರ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗೋಕೆ ಎಂಎಸ್‌ಡಬ್ಲ್ಯೂ ಸಾಲದು, ಮೇಲೆ 2 ವರ್ಷದ ಎಂ.ಫಿಲ್ ಬೇಕು. ಅಂದ್ರೆ ದುಡಿಮೆ ಇನ್ನೂ ಮುಂದಕ್ಕೆ ಹೋಗ್ತದೆ.

ಅಪ್ಪಯ್ಯನ ಸಹಿ

ಆ ಸಹಿ ಬರೀ ಸಾಕ್ಷಿ ಅಲ್ಲ. ಶಿಕ್ಷಣ ಸಾಲದಲ್ಲಿ ತಂದೆ ಅಥವಾ ತಾಯಿ ಸಹ-ಸಾಲಗಾರರು. ನಿಮ್ಮ ಕಂತು ತಪ್ಪಿದ್ರೆ ಅವರ ಸಿಬಿಲ್ ಸ್ಕೋರೂ ಬೀಳ್ತದೆ. ನಾಳೆ ತೋಟಕ್ಕೋ ಮನೆ ರಿಪೇರಿಗೋ ಅವರು ಬ್ಯಾಂಕಿಗೆ ಹೋದಾಗ ನಿಮ್ಮ ಸಾಲ ಅಡ್ಡ ಬರ್ತದೆ. 4 ಲಕ್ಷದವರೆಗಿನ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳೋದಿಲ್ಲ, ಆದ್ರೆ ಹೊಣೆ ಇಬ್ಬರದ್ದೂ.

ಹಾಗಾಗಿ ತಂಗೀ, ನನ್ನ ಉತ್ತರ ಇದು: ಎಂಎಸ್‌ಡಬ್ಲ್ಯೂ ಮಾಡು, 3 ಲಕ್ಷದ ಸಾಲ ಬೇಡ. ಸರ್ಕಾರಿ ಸೀಟು, ವಿದ್ಯಾರ್ಥಿವೇತನ ಸೇರಿ ಸಾಲ ಒಂದು ಲಕ್ಷದ ಹತ್ತಿರ ನಿಲ್ಲೋದಾದ್ರೆ ಧೈರ್ಯವಾಗಿ ಹೋಗು. ಈ ವರ್ಷ ಸೀಟು ಸಿಗದೇ ಇದ್ರೆ ಒಂದು ವರ್ಷ ಯಾವುದಾದ್ರೂ ಸಂಸ್ಥೆಯಲ್ಲಿ ಕೆಲಸ ಮಾಡಿ ಮತ್ತೆ ಅರ್ಜಿ ಹಾಕು. ಈ ಕೆಲಸದಲ್ಲಿ ಹತ್ತಾರು ವರ್ಷ ಇರ್ಬೇಕು ಅಂದ್ರೆ, ಕಂತಿನ ಹೆದರಿಕೆಗೆ ಮೂರನೇ ವರ್ಷವೇ ಬಿಟ್ಟು ಬೇರೆ ಕೆಲಸಕ್ಕೆ ಓಡೋ ಹಾಗೆ ಆಗ್ಬಾರ್ದು.

ಸಹಿ ಮಾಡೋ ಮೊದಲು ಅಪ್ಪಯ್ಯನ ಜೊತೆ ಕೂತು ಈ ಲೆಕ್ಕವನ್ನ ಒಂದು ಹಾಳೆ ಮೇಲೆ ಬರೀರಿ. ಮುಂದಿನ ವಾರ ಸಿಗೋಣ.