ರಾಮದುರ್ಗಕ್ಕೆ 24 ಬೈಟ್

ಗ್ರಂಥಾಲಯದ ಲಕ್ಷ ಪುಸ್ತಕಗಳ ವಿವರ ಮಾರ್ಕ್ ಎಂಬ ಕಂಪ್ಯೂಟರ್ ಮಾದರಿಯ ಒಂದೇ ಕಡತದಲ್ಲಿದೆ ಅನ್ನಿ. ರಾಮದುರ್ಗದ ಬಗೆಗಿನ ಪುಸ್ತಕಗಳು ಬೇಗ ಸಿಗಬೇಕು. ಅದಕ್ಕಾಗಿ ಪ್ರೋಗ್ರಾಂ ಎಲ್ಲವನ್ನೂ ಓದಬೇಕಿಲ್ಲ!

ಪ್ರತಿ ದಾಖಲೆಯ ಆರಂಭದಲ್ಲಿ 24 ಬೈಟ್‌ಗಳ ತಲೆಭಾಗ. ಅದರ ಮೊದಲ 5 ಅಂಕಿಗಳೇ ಇಡೀ ದಾಖಲೆಯ ಉದ್ದ. ಬಳಿಕ ಯಾವ ಕ್ಷೇತ್ರ ಎಲ್ಲಿದೆ ಎಂಬ ಸೂಚಿ, ಪ್ರತಿ ನಮೂದಿಗೆ 12 ಬೈಟ್: ಕ್ಷೇತ್ರಸಂಖ್ಯೆಗೆ 3, ಉದ್ದಕ್ಕೆ 4, ಆರಂಭದ ಜಾಗಕ್ಕೆ 5. ಶೀರ್ಷಿಕೆ 245ರಲ್ಲಿ, ಪುಸ್ತಕದ ವಿಷಯವಾದ ಊರು 651ರಲ್ಲಿ. 651 ಇಲ್ಲವೇ? ನೇರ ಮುಂದಿನ ದಾಖಲೆಗೆ ಜಿಗಿಯಿರಿ.

1960ರ ದಶಕದಲ್ಲೇ ಅಮೆರಿಕದ ಹೆನ್ರಿಯೆಟ್ ಅವ್ರಮ್ ಮಾರ್ಕ್ ರೂಪಿಸಿದರು. ಎಂಥ ದೂರದೃಷ್ಟಿ!

ಕನ್ನಡಕ್ಕೆ ಎಚ್ಚರ ಬೇಕಾದದ್ದು ಇಲ್ಲಿ. ‘ರಾಮದುರ್ಗ’ ಕಣ್ಣಿಗೆ 4 ಅಕ್ಷರ. ಯೂನಿಕೋಡ್‌ನಲ್ಲಿ 8 ಸಂಕೇತ; ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 24 ಬೈಟ್. ಸೂಚಿಯ ಲೆಕ್ಕವೆಲ್ಲ ಬೈಟ್‌ನಲ್ಲಿ. ಅಕ್ಷರ ಎಣಿಸಿದರೆ ಜಾಗ ತಪ್ಪುತ್ತದೆ. ಬೈಟ್‌ಗಳನ್ನೇ ಎಣಿಸಿ, ಬೇಕಾದ ಕ್ಷೇತ್ರವನ್ನಷ್ಟೇ ಕೊನೆಗೆ ಕನ್ನಡ ಪಠ್ಯವಾಗಿಸಿ.