ಗುಜರಿಗೆ ಹೋದ ಆಟ ಬೀಗದ ಕೈ ಗೊಂಚಲಿನಲ್ಲಿ ಬಂತು!

ಗೃಹಿಣಿಯರಿಗೂ ಕಂಪ್ಯೂಟರ್ ಆಟಕ್ಕೂ ಏನು ಸಂಬಂಧ ಎಂದು ಹುಬ್ಬೇರಿಸಬೇಡಿ. ಮನೆಯ ಅಟ್ಟ ಗುಡಿಸುವವರು ನಾವೇ ತಾನೆ? ಯಾವುದು ಉಳಿಯಬೇಕು, ಯಾವುದು ಗುಜರಿಗೆ ಹೋಗಬೇಕು ಎಂದು ತೀರ್ಮಾನಿಸುವವರೂ ನಾವೇ. ಆ ತೀರ್ಮಾನದಲ್ಲಿ ನಾನೊಮ್ಮೆ ಎಡವಿದೆ.

1998ರಲ್ಲಿ ನಮ್ಮ ಯಜಮಾನರು ಮಗನ ಓದಿಗೆಂದು ಒಂದು ಕಂಪ್ಯೂಟರ್ ತಂದರು. ಓದಿಗಿಂತ ಆಟವೇ ಹೆಚ್ಚಾಯಿತು ಅನ್ನಿ! 'ಪ್ರಿನ್ಸ್ ಆಫ್ ಪರ್ಷಿಯಾ' ಅಂತ ಒಂದು ಆಟ. ಸೆರೆಮನೆಗೆ ಬಿದ್ದ ತರುಣನೊಬ್ಬ 60 ನಿಮಿಷಗಳೊಳಗೆ 12 ಹಂತ ದಾಟಿ ರಾಜಕುಮಾರಿಯನ್ನು ಬಿಡಿಸಬೇಕು. ಊಟಕ್ಕೆ ಕರೆದರೆ, "ಒಂದೇ ನಿಮಿಷ ಅಮ್ಮಾ, ಆಟ ಉಳಿಸಿಟ್ಟು ಬರ್ತೀನಿ" ಎನ್ನುತ್ತಿದ್ದ. ಆಮೇಲಾಮೇಲೆ ಅವನ ಅಪ್ಪನೂ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂರತೊಡಗಿದರು! ಇಬ್ಬರೂ ಸೇರಿ ಹತ್ತನೆಯ ಹಂತದವರೆಗೆ ಹೋಗಿದ್ದರು.

ಯಜಮಾನರು ಹೋಗಿ ಎರಡು ವರ್ಷವಾದ ಮೇಲೆ, 2009ರಲ್ಲಿ, ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಕೆಟ್ಟು ಮೂಲೆ ಸೇರಿದ್ದ ಆ ಕಂಪ್ಯೂಟರನ್ನು 300 ರೂಪಾಯಿಗೆ ಗುಜರಿಯವನಿಗೆ ಕೊಟ್ಟೆ. ರಜಕ್ಕೆ ಬಂದ ಮಗ ಬೈಯಲಿಲ್ಲ. "ಅಪ್ಪ ಆಡಿದ್ದ ಆಟ ಅದರೊಳಗಿತ್ತಮ್ಮಾ" ಅಂದ, ಅಷ್ಟೆ. ಪೆಟ್ಟಿಗೆಯ ತಳದಲ್ಲಿ ಆ ಆಟದ ಮೂಲ ಫ್ಲಾಪಿ ಮಾತ್ರ ಉಳಿದಿತ್ತು. ಅದನ್ನೇ ಎತ್ತಿಕೊಂಡು ಹೋದ.

ಕಳೆದ ದಸರೆಗೆ ಹೆಂಡತಿ, ಮಗಳ ಜೊತೆ ಬಂದಾಗ ಅವನ ಬೀಗದ ಕೈ ಗೊಂಚಲಿನಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಪೆನ್‌ಡ್ರೈವ್ ಇತ್ತು. ಪಕ್ಕದ ಮನೆಯ ಹುಡುಗಿಯನ್ನು ಕೇಳಿ ಅವಳ ಲ್ಯಾಪ್‌ಟಾಪ್ ತಂದು, ಅದಕ್ಕೆ ಸಿಕ್ಕಿಸಿದ. ಪರದೆಯ ಮೇಲೆ ಅದೇ ಬಿಳಿ ಬಟ್ಟೆಯ ತರುಣ! ಅಮೆರಿಕದ ಜೋರ್ಡನ್ ಮೆಕ್ನರ್ 1989ರಲ್ಲಿ ಬಿಡುಗಡೆಯಾದ ಈ ಆಟ ಮಾಡುವಾಗ ತನ್ನ ತಮ್ಮನನ್ನೇ ಓಡಿಸಿ, ಹಾರಿಸಿ, ವಿಡಿಯೋ ತೆಗೆದು ಆ ನಡಿಗೆಯನ್ನು ಬಿಡಿಸಿದನಂತೆ. ಅಷ್ಟು ಜೀವಂತವಾಗಿ ಕಾಣುವುದು ಅದಕ್ಕೇ.

"ಇದು ಹೇಗೋ ಸಾಧ್ಯ?" ಅಂದೆ. ಮಗ ವಿವರಿಸಿದ. ಆ ಕಾಲದ ಆಟಗಳು 'ಡಾಸ್' ಎಂಬ ವ್ಯವಸ್ಥೆಗೆ ಬರೆದವು. ಇಂದಿನ 64 ಬಿಟ್ ವಿಂಡೋಸ್‌ಗೆ ಅವುಗಳ ಮಾತು ಅರ್ಥವಾಗದು. ತುಳು ಮಾತ್ರ ಬಲ್ಲ ಅಜ್ಜಿಗೂ ಇಂಗ್ಲಿಷ್ ಮಾತ್ರ ಬಲ್ಲ ಮೊಮ್ಮಗಳಿಗೂ ನಡುವೆ ಸೊಸೆ ಕುಳಿತು ಮಾತು ದಾಟಿಸುವುದಿಲ್ಲವೇ? ಹಾಗೆ ನಡುವೆ ಕೂರುವ ಸಾಫ್ಟ್‌ವೇರಿಗೆ ಎಮ್ಯುಲೇಟರ್ ಎನ್ನುತ್ತಾರೆ. 2002ರಲ್ಲಿ ಮೊದಲು ಬಂದ 'ಡಾಸ್‌ಬಾಕ್ಸ್' ಅಂಥದ್ದು. ಬೆಲೆಯಿಲ್ಲ, ಉಚಿತ. ಇದರ 'ಪೋರ್ಟಬಲ್' ರೂಪವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಕಂಪ್ಯೂಟರಿನಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ನೆಂಟರ ಮನೆಗೆ ನಮ್ಮ ಹಾಸಿಗೆ ನಾವೇ ಒಯ್ದ ಹಾಗೆ!

ಜಾಗದ ಚಿಂತೆಯೂ ಇಲ್ಲ. ಒಂದು ಫ್ಲಾಪಿ ಹಿಡಿಯುತ್ತಿದ್ದುದು 1.44 ಎಂ.ಬಿ. 8 ಜಿ.ಬಿ.ಯ ಪೆನ್‌ಡ್ರೈವ್‌ನಲ್ಲಿ ಅಂಥ 5,000ಕ್ಕೂ ಹೆಚ್ಚು ಫ್ಲಾಪಿಗಳ ಸರಕು ಹಿಡಿಯುತ್ತದೆ.

ನಿಮ್ಮ ಮನೆಯಲ್ಲೂ ಹಳೆಯ ಆಟಗಳಿದ್ದರೆ ಈ ಮಾತುಗಳು ನೆನಪಿರಲಿ:

1. ಎಮ್ಯುಲೇಟರ್ ಮತ್ತು ಆಟದ ಫೋಲ್ಡರ್ ಎರಡೂ ಪೆನ್‌ಡ್ರೈವ್‌ನಲ್ಲೇ ಇರಲಿ. ಆಗ ಉಳಿಸಿಟ್ಟ ಆಟವೂ ಅಲ್ಲೇ ಉಳಿಯುತ್ತದೆ.

2. ಪೆನ್‌ಡ್ರೈವ್‌ಗೆ ಒಂದು ಕಂಪ್ಯೂಟರ್ 'ಇ' ಅಂದರೆ ಇನ್ನೊಂದು 'ಎಫ್' ಅನ್ನುತ್ತದೆ. ಡಾಸ್‌ಬಾಕ್ಸ್‌ಗೆ ಆಟದ ವಿಳಾಸ ಬರೆಯುವಾಗ ಆ ಅಕ್ಷರ ಸೇರಿಸಬೇಡಿ. 'ನನ್ನ ಪಕ್ಕದ ಫೋಲ್ಡರಿನಲ್ಲಿದೆ' ಎಂಬ ಅರ್ಥ ಬರುವಂತೆ ಬರೆಯಿರಿ.

3. ಆಟ ವಿಪರೀತ ವೇಗವಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ, ನಿಧಾನವಾಗುತ್ತದೆ. ತೆವಳಿದರೆ ಎಫ್12.

4. ಒಲೆ ಆರಿಸದೆ ಪಾತ್ರೆ ಇಳಿಸಬೇಡಿ ಅನ್ನುವಂತೆ, 'ಇಜೆಕ್ಟ್' ಮಾಡದೆ ಪೆನ್‌ಡ್ರೈವ್ ಕೀಳಬೇಡಿ. ಫೈಲು ಕೆಡಬಹುದು.

5. ಬೇರೆಯವರ ಕಂಪ್ಯೂಟರಾದರೆ ಕೇಳಿಯೇ ಹಾಕಿ. ಆಫೀಸಿನ ಲ್ಯಾಪ್‌ಟಾಪ್ ಬೇಡವೇ ಬೇಡ. ಎಲ್ಲೆಲ್ಲೋ ಸುತ್ತಿ ಬಂದ ಪೆನ್‌ಡ್ರೈವ್ ವೈರಸ್ಸನ್ನೂ ಹೊತ್ತು ತಂದೀತು, ಮೊದಲು ಪರೀಕ್ಷಿಸಿ.

6. ಎಮ್ಯುಲೇಟರ್ ಉಚಿತವೆಂದು ಆಟಗಳೆಲ್ಲ ಉಚಿತವಲ್ಲ. ಹಳೆಯದಾದರೂ ಅವಕ್ಕೆ ಒಡೆಯರಿದ್ದಾರೆ. ಆದರೆ 1994ರ 'ಬಿನೀತ್ ಎ ಸ್ಟೀಲ್ ಸ್ಕೈ'ಯಂಥ ಕೆಲವನ್ನು ಒಡೆಯರೇ ಉಚಿತವಾಗಿ ಬಿಟ್ಟಿದ್ದಾರೆ. ಅದನ್ನು 'ಸ್ಕಮ್‌ವಿಎಂ' ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರಿನಲ್ಲಿ ಆಡಬಹುದು.

7. ಎಲ್ಲಕ್ಕಿಂತ ಮುಖ್ಯ, ಇನ್ನೊಂದು ಪ್ರತಿ ಬೇರೆ ಕಡೆ ಇರಲಿ. ಪೆನ್‌ಡ್ರೈವ್ ಕಳೆಯುವುದೂ ಸುಲಭ, ಕೆಡುವುದೂ ಸುಲಭ.

ಅಪ್ಪ-ಮಗ ತಲುಪಿದ್ದ ಆ ಹತ್ತನೆಯ ಹಂತ ಮಾತ್ರ ಮರಳಿ ಬರಲಿಲ್ಲ. ಅದು ಫ್ಲಾಪಿಯಲ್ಲಿರಲಿಲ್ಲ, ಕಂಪ್ಯೂಟರಿನ ಹೊಟ್ಟೆಯಲ್ಲಿತ್ತು. ಗುಜರಿ ಗಾಡಿಯೇರಿ ಹೋಯಿತು. ಎಂಟು ವರ್ಷದ ಮೊಮ್ಮಗಳು ಮೊದಲ ಹಂತದಿಂದಲೇ ಶುರು ಮಾಡಿದಳು. ಊಟಕ್ಕೆ ಕರೆದರೆ, "ಒಂದೇ ನಿಮಿಷ ಅಜ್ಜೀ!" ಸಾರು ಆರಿದರೆ ಆರಲಿ ಎಂದು ನಾನೂ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

ದೀಪಾವಳಿಗೆ ಅಟ್ಟ ಗುಡಿಸುವ ಮುನ್ನ ನೀವೂ ಮಕ್ಕಳನ್ನೊಮ್ಮೆ ಕೇಳಿ ನೋಡಿ.