ವಾಹನಗಳಲ್ಲಿ ಹಾಗೂ ಸಂಚಾರಿ ಬಿಡಾರಗಳಲ್ಲಿ ವಾಸಸ್ಥಳದ ವಿಸ್ತರಣೆ: ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ವಾಹನ ಮಾಲೀಕರಿಗೆ ಮಾಹಿತಿ

ವಾಹನವನ್ನೇ ಕೆಲಕಾಲ ಮನೆಯಾಗಿ ಬಳಸುವವರು ಈ ಭಾಗಕ್ಕೆ ಹೊಸಬರಲ್ಲ. ಬನದ ಹುಣ್ಣಿಮೆಯ ವೇಳೆಗೆ ಬಾದಾಮಿಯ ಬನಶಂಕರಿಯಲ್ಲಿ ಬೀಡುಬಿಡುವ ವೃತ್ತಿ ನಾಟಕ ಕಂಪನಿಗಳು, ಜಾತ್ರೆಯಿಂದ ಜಾತ್ರೆಗೆ ಸಾಗುವ ಆಟಿಕೆ ಹಾಗೂ ಮಿಠಾಯಿ ವ್ಯಾಪಾರಿಗಳು, ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿಹಿಂಡನ್ನು ನಿಲ್ಲಿಸುವ ಕುರಿಗಾರರು ಇವರೆಲ್ಲರೂ ಲಾರಿ, ಟೆಂಪೊ ಅಥವಾ ಟ್ರ್ಯಾಕ್ಟರ್ ಟ್ರೇಲರ್‌ಗಳ ಆಸರೆಯಲ್ಲಿ ಸಂಸಾರ ನಡೆಸುವವರೇ ಆಗಿರುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಸೂಡಿ, ಗಜೇಂದ್ರಗಡ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಲು ಮಲಗುವ ಸೌಕರ್ಯವುಳ್ಳ ಪ್ರವಾಸಿ ವಾಹನಗಳಲ್ಲಿ ಬರುವವರೂ ಇದ್ದಾರೆ. ಇಂತಹ ವಾಹನಗಳಲ್ಲಿ ಸ್ಥಳ ಸಾಲದೆಂದು ಮಾಲೀಕರು ಗ್ಯಾರೇಜಿನಲ್ಲಿ ಕವಚವನ್ನು ಕತ್ತರಿಸಿ ಹಿಗ್ಗಿಸಿಕೊಳ್ಳುವುದುಂಟು. ಕಾನೂನು ಯಾವುದಕ್ಕೆ ಅವಕಾಶ ನೀಡುತ್ತದೆ, ಯಾವುದಕ್ಕೆ ನೀಡುವುದಿಲ್ಲ ಎಂಬುದನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನಿನ ಮಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಮೇರೆಗೆ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಲು ಮಾಲೀಕರಿಗೆ ಅಧಿಕಾರವಿರುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ನೀಡಿದ ತೀರ್ಪಿನಲ್ಲಿ ಇದೇ ನಿಲುವನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ 182ಎ ಪ್ರಕರಣದಂತೆ, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಬಹುದಾಗಿದೆ. ಆದರೆ ಮಾಲೀಕರು ದಂಡಕ್ಕಿಂತ ಹೆಚ್ಚಾಗಿ ಅಂಜಬೇಕಾದುದು ವಿಮೆಯ ವಿಷಯದಲ್ಲಿ. ಅಪಘಾತವಾದಾಗ ವಾಹನವು ದಾಖಲೆಯಲ್ಲಿದ್ದಂತೆ ಇರಲಿಲ್ಲವೆಂದು ಕಂಡುಬಂದಲ್ಲಿ ವಿಮಾ ಕಂಪನಿಯು ಪರಿಹಾರವನ್ನು ಪ್ರಶ್ನಿಸುತ್ತದೆ. ಜೀವನಾಧಾರವಾದ ವಾಹನವೂ ಅದರೊಳಗಿನ ಸಂಸಾರವೂ ಒಂದೇ ಏಟಿಗೆ ಕೈತಪ್ಪಿದ ಕುಟುಂಬಕ್ಕೆ ಆ ವ್ಯಾಜ್ಯವನ್ನು ವರ್ಷಗಟ್ಟಲೆ ನಡೆಸುವ ಶಕ್ತಿ ಇರುವುದಿಲ್ಲ.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 93ನೇ ನಿಯಮದಂತೆ ವಾಹನದ ಒಟ್ಟು ಅಗಲ 2.6 ಮೀಟರನ್ನು ಮೀರತಕ್ಕದ್ದಲ್ಲ. ಹಿಂದಿನ ಗಾಲಿಗಳಿಂದಾಚೆಗೆ ಚಾಚಿದ ಭಾಗವು ಗಾಲಿಗಳ ನಡುವಣ ಅಂತರದ ಶೇಕಡ 60ನ್ನು ಮೀರಬಾರದು. ಮಲಗುವ ಸ್ಥಳ ಬೇಕೆಂದು ಹಿಂಬದಿಗೆ ಎರಡು ಅಡಿ ಬೆಸುಗೆ ಹಾಕಿಸುವವರು ಈ ಎರಡನೆಯ ಮಿತಿಯನ್ನು ಮರೆಯುವುದೇ ಹೆಚ್ಚು. ಹಿಂಬದಿ ಭಾರವಾದಷ್ಟೂ ಮುಂದಿನ ಗಾಲಿಗಳ ಮೇಲಿನ ಒತ್ತು ಕಡಿಮೆಯಾಗಿ ಚುಕ್ಕಾಣಿಯ ಹಿಡಿತ ಸಡಿಲಗೊಳ್ಳುತ್ತದೆ. ಗಜೇಂದ್ರಗಡದ ಗುಡ್ಡದ ಏರುರಸ್ತೆಯಲ್ಲಿ ಇದರ ಪರಿಣಾಮ ಚಾಲಕನಿಗೆ ತಾನಾಗಿಯೇ ತಿಳಿಯುತ್ತದೆ.

ವಿಸ್ತರಣೆಯ ವಿಧಾನಗಳು

ವಾಸದ ವಾಹನಗಳಲ್ಲಿ ಸ್ಥಳವನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಹೆಚ್ಚಿಸಲಾಗುತ್ತದೆ. ಪಾರ್ಶ್ವಗೋಡೆಯ ಒಂದು ಭಾಗವು ಪೆಟ್ಟಿಗೆಯ ಖಾನೆಯಂತೆ ಹಳಿಗಳ ಮೇಲೆ ಹೊರಸರಿಯುವುದು ಒಂದು. ಮೇಲ್ಛಾವಣಿಯು ಕೊಡೆಯಂತೆ ಮೇಲೇರಿ ಸುತ್ತಲೂ ದಪ್ಪಬಟ್ಟೆಯ ಗೋಡೆ ಬಿಚ್ಚಿಕೊಳ್ಳುವುದು ಇನ್ನೊಂದು. ನಿಂತ ವಾಹನದ ಪಕ್ಕಕ್ಕೆ ಬಟ್ಟೆಯ ಅಥವಾ ತಾಡಪತ್ರಿಯ ಚಪ್ಪರವನ್ನು ಇಳಿಬಿಡುವುದು ಮೂರನೆಯದು.

ಇವುಗಳಲ್ಲಿ ಯಾವುದು ಲಾಭದಾಯಕವೆಂಬುದನ್ನು ಲೆಕ್ಕ ಹಾಕಿ ನೋಡುವುದು ಒಳಿತು. ಒಳಭಾಗವು 3.6 ಮೀಟರ್ ಉದ್ದ, 1.8 ಮೀಟರ್ ಅಗಲವಿರುವ ವಾಹನದಲ್ಲಿ ಸುಮಾರು 70 ಚದರ ಅಡಿ ನೆಲವಿರುತ್ತದೆ. 1.8 ಮೀಟರ್ ಉದ್ದದ ಖಾನೆಯು 0.6 ಮೀಟರ್ ಹೊರಸರಿದರೆ ದೊರೆಯುವುದು ಹನ್ನೆರಡು ಚದರ ಅಡಿಗೂ ಕಡಿಮೆ. ಅದೇ ವಾಹನದ ಪಕ್ಕಕ್ಕೆ 2.4 ಮೀಟರ್ ಅಗಲದ ಚಪ್ಪರ ಕಟ್ಟಿದರೆ 90 ಚದರ ಅಡಿಗೂ ಮಿಕ್ಕಿ ನೆರಳು ಸಿಗುತ್ತದೆ. ಹೊರಸರಿಯುವ ಖಾನೆಗೆ ಉಕ್ಕಿನ ಹಳಿ, ಮೋಟಾರು, ನೀರು ನುಗ್ಗದ ರಬ್ಬರ್ ಪಟ್ಟಿಗಳು ಬೇಕು. ತೂಕವೆಲ್ಲ ಒಂದೇ ಮಗ್ಗುಲಿಗೆ ಬೀಳುತ್ತದೆ. ಕವಚದ ರಚನೆಯೇ ಬದಲಾಗುವುದರಿಂದ ನೋಂದಾಯಿತ ವಾಹನದಲ್ಲಿ ಮಾಲೀಕರು ಇದನ್ನು ಸ್ವಂತ ಇಚ್ಛೆಯಿಂದ ಮಾಡಿಸುವಂತಿಲ್ಲ. ಬಿಡಿಯಾಗಿ ನೆಲದ ಮೇಲೆ ನಿಲ್ಲುವ ಚಪ್ಪರಕ್ಕಾಗಲೀ, ಒಳಗೆ ಇಡುವ ಮಡಿಚುವ ಮಂಚ, ಹಾಸಿಗೆಗಳಿಗಾಗಲೀ ನೋಂದಣಿ ವಿವರಗಳೊಡನೆ ಸಂಬಂಧವಿಲ್ಲ. ಹಿಂದೆ ಕಮಾನು ಕಟ್ಟಿದ ಚಕ್ಕಡಿಯಲ್ಲಿ ಜಾತ್ರೆಗೆ ಹೋದವರು ಚಕ್ಕಡಿಯ ಮಗ್ಗುಲಲ್ಲಿ ಜಮಖಾನೆ ಕಟ್ಟಿ ಅಡುಗೆ ಮಾಡಿಕೊಳ್ಳುತ್ತಿದ್ದುದು ಇದೇ ತತ್ತ್ವದ ಮೇಲೆ. ಕಡಿಮೆ ವೆಚ್ಚದಲ್ಲಿ ಹೆಚ್ಚು ಸ್ಥಳ ಬೇಕೆನ್ನುವವರಿಗೆ ಇಂದಿಗೂ ಇದೇ ಸೂಕ್ತವೆಂದು ಹೇಳಬೇಕಾಗುತ್ತದೆ.

ಚಪ್ಪರ ಕಟ್ಟುವಾಗ ನೆಲ ಮತ್ತು ಗಾಳಿಯನ್ನು ಗಮನಿಸತಕ್ಕದ್ದು. ಗಜೇಂದ್ರಗಡದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಅಲ್ಲಿ ಗಾಳಿ ಬಲವಾಗಿರುವ ಕಾರಣಕ್ಕಾಗಿಯೇ. ಮುಂಗಾರಿನ ಗಾಳಿ ಪಡುವಣ ದಿಕ್ಕಿನಿಂದ ಬೀಸುವುದರಿಂದ ಚಪ್ಪರವನ್ನು ವಾಹನದ ಮೂಡಣ ಮಗ್ಗುಲಿಗೆ ಕಟ್ಟುವುದು ಕ್ಷೇಮಕರ. ನರಗುಂದ ಹಾಗೂ ರೋಣದ ಎರೆಭೂಮಿಯು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗೆ ಹಿಗ್ಗಿ ಮೆತ್ತಗಾಗುತ್ತದೆ. ಎರಡೂ ಕಾಲದಲ್ಲಿ ಗೂಟ ಸಡಿಲವಾಗುವುದುಂಟು. ಗೂಟಗಳನ್ನು ಆಳವಾಗಿ ಓರೆಯಾಗಿ ನೆಡುವುದು ಮತ್ತು ಜಾಕಿನ ಕೆಳಗೆ ಅಗಲವಾದ ಹಲಗೆ ಇರಿಸುವುದು ಅವಶ್ಯ.

ಹಸಿ ಎರೆನೆಲದಲ್ಲಿ ಸಿಕ್ಕಿಬಿದ್ದ ಭಾರದ ವಾಹನವನ್ನು ಎಳೆದು ತೆಗೆಯುವುದು ಸುಲಭವಲ್ಲ ಎಂಬುದನ್ನು ಈ ಭಾಗದವರಿಗೆ ಹೇಳಬೇಕಾಗಿಲ್ಲ. ನೀರಿನ ತೊಟ್ಟಿಯ ತೂಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: 200 ಲೀಟರ್ ನೀರೆಂದರೆ 200 ಕಿಲೋಗ್ರಾಂ.

ಅನುಮತಿ ಪಡೆಯುವ ಕ್ರಮ

ಹೊಸದಾಗಿ ವಾಸದ ವಾಹನ ಮಾಡಿಸುವವರು ನೋಂದಣಿಗೆ ಮೊದಲೇ ಆ ಕೆಲಸವನ್ನು ಮುಗಿಸಿಕೊಳ್ಳುವುದು ಸರಳವಾದ ಮಾರ್ಗ. ಇಂತಹ ವಾಹನಗಳಿಗೆ ವಾಹನ ಉದ್ಯಮ ಮಾನಕ 124 ಅನ್ವಯಿಸುತ್ತದೆ. ಆಸನ ಮತ್ತು ಮೇಜು, ಮಲಗುವ ವ್ಯವಸ್ಥೆ, ಅಡುಗೆಯ ಸೌಕರ್ಯ, ಸಾಮಾನು ಇಡುವ ಸ್ಥಳ ಇವು ಕನಿಷ್ಠ ಇರತಕ್ಕದ್ದು. ಪುಣೆಯ ಭಾರತೀಯ ವಾಹನ ಸಂಶೋಧನಾ ಸಂಘದಂತಹ ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆಯಿಂದ ಅನುಮೋದಿತವಾದ ವಿನ್ಯಾಸವನ್ನೇ ಕವಚ ನಿರ್ಮಾಪಕರಿಂದ ಕೇಳಿ ಪಡೆಯಬೇಕು.

ಈಗಾಗಲೇ ನೋಂದಣಿಯಾಗಿರುವ ವಾಹನದಲ್ಲಿ ಅನುಮತಿಸಬಹುದಾದ ಮಾರ್ಪಾಡನ್ನು ಮಾಡಿಸಲಿಚ್ಛಿಸುವವರು ಕೆಲಸ ಆರಂಭಿಸುವ ಮುನ್ನವೇ ನೋಂದಣಿ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸತಕ್ಕದ್ದು. ಮೂರೂ ತಾಲ್ಲೂಕುಗಳ ಕೆಎ-26 ಸಂಖ್ಯೆಯ ವಾಹನಗಳಿಗೆ ಗದಗ ಪ್ರಾದೇಶಿಕ ಸಾರಿಗೆ ಕಚೇರಿಯೇ ನೋಂದಣಿ ಪ್ರಾಧಿಕಾರ. ವಾಹನವು ಸಾಲದ ಕರಾರಿನಲ್ಲಿದ್ದಲ್ಲಿ ಹಣಕಾಸು ಸಂಸ್ಥೆಯ ಲಿಖಿತ ಒಪ್ಪಿಗೆ ಅಗತ್ಯ. ಅನುಮತಿಯ ಮೇಲೆ ಮಾರ್ಪಾಡು ಪೂರ್ಣಗೊಂಡ ಹದಿನಾಲ್ಕು ದಿನಗಳೊಳಗೆ ವರದಿ ಸಲ್ಲಿಸಿ, ನೋಂದಣಿ ಪ್ರಮಾಣಪತ್ರವನ್ನು ನಿಗದಿತ ಶುಲ್ಕದೊಂದಿಗೆ ಒಪ್ಪಿಸಿ, ಹೊಸ ವಿವರಗಳನ್ನು ನಮೂದು ಮಾಡಿಸಿಕೊಳ್ಳಬೇಕು. ವಾಹನದ ವರ್ಗ ಬದಲಾದಲ್ಲಿ ತೆರಿಗೆಯೂ ಬದಲಾಗಬಹುದು. ಇದೇ ಸಮಯದಲ್ಲಿ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿಯನ್ನು ಇಟ್ಟುಕೊಳ್ಳಲು ಕೋರಲಾಗಿದೆ.

ಟ್ರ್ಯಾಕ್ಟರ್ ಟ್ರೇಲರಿಗೆ ಗೂಡು ಕಟ್ಟಿ ಹೆಂಗಸರು, ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಪ್ರಯಾಣ ಮಾಡುವುದು ಯಾವ ಅನುಮತಿಯಿಂದಲೂ ಸಕ್ರಮವಾಗುವುದಿಲ್ಲ. ಬಿಡಾರದ ಸಾಮಾನನ್ನು ಅದರಲ್ಲಿ ಸಾಗಿಸಿ, ಜನರು ಬಸ್ಸಿನಲ್ಲಿ ಬರುವುದೇ ಸರಿ.

ಬೆಂಕಿ, ಹೊಗೆ ಮತ್ತು ನೀರು

ಗಾಳಿಯಾಡದ ಕಿರಿದಾದ ಸ್ಥಳದಲ್ಲಿ ಇದ್ದಿಲಿನ ಸಿಗಡಿ ಇಟ್ಟು ಮಲಗತಕ್ಕದ್ದಲ್ಲ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರು ಎಚ್ಚರಗೊಳ್ಳುವುದೇ ಇಲ್ಲ. ಜನರೇಟರಿನ ಹೊಗೆಯೂ ಅಂತಹುದೇ. ಅಡುಗೆ ಅನಿಲವು ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಶೇಖರವಾಗುತ್ತದೆ. ಆದುದರಿಂದ ಗಾಳಿಕಂಡಿ ಮೇಲ್ಭಾಗದಲ್ಲಷ್ಟೇ ಅಲ್ಲದೆ ನೆಲಕ್ಕೆ ಸಮನಾಗಿಯೂ ಇರಬೇಕು. ತಗಡಿನ ಬಿಡಾರಗಳ ಮೇಲೆ ಬಿಸಿಲಿನ ತಾಪಕ್ಕೆ ಜೋಳದ ಕಣಕಿ ಹೊದಿಸುವವರು ಒಲೆಯನ್ನು ದೂರ ಹೂಡಬೇಕು.

ಬಿಡಾರದ ಸ್ಥಳಕ್ಕೆ ಗ್ರಾಮ ಪಂಚಾಯಿತಿ ಅಥವಾ ಪುರಸಭೆಯ ಒಪ್ಪಿಗೆ ಪಡೆಯತಕ್ಕದ್ದು. ಹೆದ್ದಾರಿಯ ಅಂಚು ಬಿಡಾರಕ್ಕೆ ತಕ್ಕ ಸ್ಥಳವಲ್ಲ. ಮಳೆಗಾಲದಲ್ಲಿ ಮಲಪ್ರಭೆ ಹಾಗೂ ಬೆಣ್ಣೆಹಳ್ಳದ ದಡದಲ್ಲಿ ವಾಹನವನ್ನು ರಾತ್ರಿ ನಿಲ್ಲಿಸಲೇಬಾರದು. 2009ರಲ್ಲಿಯೂ 2019ರ ಆಗಸ್ಟ್‌ನಲ್ಲಿಯೂ ಈ ಭಾಗವು ಪ್ರವಾಹ ಕಂಡಿದೆ. 2019ರಲ್ಲಿ ನರಗುಂದ ತಾಲ್ಲೂಕಿನ ಕೊಣ್ಣೂರು, ಲಖಮಾಪುರ ಗ್ರಾಮಗಳಿಗೆ ನೀರು ನುಗ್ಗಿತ್ತು. ಮಲಪ್ರಭೆಯ ನೀರು ನವಿಲುತೀರ್ಥ ಜಲಾಶಯದಿಂದ ಬಿಡುವಾಗ ಮುನ್ಸೂಚನೆ ದೊರೆಯುತ್ತದೆ. ಬೆಣ್ಣೆಹಳ್ಳಕ್ಕೆ ಅಂತಹ ತಡೆಯಿಲ್ಲ. ಮೇಲೆ ಹುಬ್ಬಳ್ಳಿ, ನವಲಗುಂದದ ಕಡೆ ಮಳೆಯಾದರೆ ಇಲ್ಲಿ ಆಕಾಶ ನಿಚ್ಚಳವಾಗಿರುವಾಗಲೇ ಹಳ್ಳ ತುಂಬಿ ಬರುತ್ತದೆ. ಚಪ್ಪರ ಬಿಚ್ಚುವುದಕ್ಕೆ ತಡಮಾಡದೆ ಮೊದಲು ಜನರು, ಆಮೇಲೆ ವಾಹನ ಎತ್ತರದ ನೆಲ ಸೇರತಕ್ಕದ್ದು.